ಗಿರಣಿ ಗೋಡೆಯ ಸಿಗ್ನಲ್

ಮಾರ್ಚ್ 6

ಮಗಳೇ,

ಕಾಗದ ಎಂದರೆ ಮೊದಲ ಸಾಲಿನಲ್ಲೇ ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯಬೇಕೆಂದು ನಮ್ಮೂರ ಶಾಲೆಯ ಮೇಷ್ಟ್ರು ಕಲಿಸಿದ್ದರು. ಕೈ ತಾನಾಗಿಯೇ ಅದನ್ನು ಬರೆದುಬಿಟ್ಟಿತು. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ದೇವರ ಗೂಡಿನ ಎದುರು ಕೂತು ಬರೆಯುತ್ತಿರುವುದು, ಸುಳ್ಳಿನಿಂದ ಶುರು ಮಾಡುವುದು ಬೇಡ.

ಫೋನಿನಲ್ಲಿ ಹೇಳುವ ಹಾಗಿಲ್ಲ. ಫೋನು ಇರುವುದು ಮುಂದಿನ ಕೋಣೆಯಲ್ಲಿ, ನಿಮ್ಮಪ್ಪ ಕೂರುವುದೂ ಅದರ ಪಕ್ಕದ ಕುರ್ಚಿಯಲ್ಲಿ. ಅವತ್ತು ನೀನು ಮಾಡಿದಾಗ “ಎಲ್ಲಾ ಸರಿ ಇದೆ, ನಿನ್ನ ಕೆಲಸ ನೋಡ್ಕೋ” ಎಂದು ಇಟ್ಟರಲ್ಲ, ಆಮೇಲೆ ಅರ್ಧ ಗಂಟೆ ಫೋನಿನ ಮೇಲಿಂದ ಕೈ ತೆಗೆಯಲಿಲ್ಲ.

ಪೇಪರಿನಲ್ಲಿ ಓದಿರುತ್ತೀ. ನನಗೆ ಗೊತ್ತಿರುವಷ್ಟು ನಾನು ಹೇಳುತ್ತೇನೆ. ಫೆಬ್ರವರಿ ಇಪ್ಪತ್ತೇಳು, ಮಧ್ಯಾಹ್ನ ಎರಡೂ ನಲವತ್ತು. ಹಳೇ ಗಿರಣಿಯ ಗೋಡೆಯ ಪಕ್ಕ ಹಳಿ ತಿರುಗುತ್ತದಲ್ಲ, ಆ ಗೋಡೆ ಮುಗಿದ ಕೂಡಲೇ ಬರುವ ಸಿಗ್ನಲ್. ಅದರ ಆಚೆ ಹಳಿ ರಿಪೇರಿ ನಡೆಯುತ್ತಿತ್ತಂತೆ, ಅದಕ್ಕೇ ಕೆಂಪು ಹಾಕಿದ್ದರಂತೆ. ನಿಮ್ಮಪ್ಪ ಓಡಿಸುತ್ತಿದ್ದ ರೈಲು ಅದನ್ನು ದಾಟಿ ಹೋಯಿತು. ಹಳಿಯ ಮೇಲೆ ಬಗ್ಗಿದ್ದ ಐದು ಜನರಲ್ಲಿ ನಾಲ್ವರು ಪಕ್ಕಕ್ಕೆ ಹಾರಿಕೊಂಡರು. ಒಬ್ಬನಿಗೆ ಆಗಲಿಲ್ಲ. ಮೂವತ್ತನಾಲ್ಕು ವರ್ಷದವನು. ಹೆಂಡತಿ ಇದ್ದಾಳೆ.

ನಿಮ್ಮಪ್ಪ ಹೇಳುವುದು ಒಂದೇ ಮಾತು. “ಹಸಿರಿತ್ತು. ನನ್ನೆರಡು ಕಣ್ಣಲ್ಲಿ ನೋಡಿದೀನಿ.” ಸಿಗ್ನಲ್ ಕಂಡ ಕೂಡಲೇ ಡ್ರೈವರು ಕೈ ಎತ್ತಿ ತೋರಿಸಿ ಬಣ್ಣ ಕೂಗಬೇಕು, ಪಕ್ಕದ ಅಸಿಸ್ಟೆಂಟ್ ತಾನೂ ನೋಡಿ ತಿರುಗಿ ಕೂಗಬೇಕು, ಅದು ಅವರ ನಿಯಮ. ಇವರು “ಹಸಿರು” ಅಂದರು, ಅವನೂ “ಹಸಿರು” ಅಂದ. ನಾಲ್ಕು ಕಣ್ಣೂ ಸೇರಿ ಸುಳ್ಳು ಹೇಳುತ್ತವೆಯೇ? ಇಪ್ಪತ್ತಾರು ವರ್ಷ ಹೆಸರಿನ ಮೇಲೆ ಒಂದು ಗೆರೆ ಬೀಳದ ಮನುಷ್ಯ. ಈಗ ಕೆಲಸದಿಂದ ಇಳಿಸಿ ಕೂರಿಸಿದ್ದಾರೆ. ವಿಚಾರಣೆ ಮುಗಿದರೆ ಪೊಲೀಸರ ಕೈಗೆ ಕೊಡುತ್ತಾರೆ ಎನ್ನುತ್ತಾರೆ.

ಗಾಡಿ ಓಡಿಸುವವರು ಎಲ್ಲಿ ತಪ್ಪುತ್ತಾರೆ, ಯಾಕೆ ತಪ್ಪುತ್ತಾರೆ ಎಂದು ಹುಡುಕುವುದೇ ನೀನು ಕಲಿತ ವಿದ್ಯೆ. “ಅದೆಂಥಾ ಕೆಲಸರೀ, ಕಂಡೋರ ತಪ್ಪು ಹುಡುಕೋದು? ನಮ್ಮ ಅತ್ತೆ ಸಂಬಳ ಇಲ್ದೇನೇ ಮಾಡ್ತಿದ್ರು” ಎಂದು ಪಕ್ಕದ ಮನೆಯಾಕೆ ನಗುತ್ತಿದ್ದಳು. ಆಕೆಗೆ ವಿವರಿಸಿ ವಿವರಿಸಿ ನನ್ನ ನಾಲಿಗೆ ಸವೆದಿದೆ. ಈಗ ಒಂದು ಸಲ, ನಿನ್ನ ಅಪ್ಪ ತಪ್ಪಲಿಲ್ಲ ಎಂದು ಹುಡುಕಿ ಕೊಡು. ಮತ್ತೇನೂ ಕೇಳುವುದಿಲ್ಲ. ಬಾ.

ನಿನ್ನ ಅಮ್ಮ


ಮಾರ್ಚ್ 14

ಅಮ್ಮ,

ನಿನ್ನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಬರಲಾರೆ. ಬೈಯುವ ಮೊದಲು ಯಾಕೆಂದು ಕೇಳು.

ವಿಚಾರಣೆ ನಡೆಸುವವರು ಈ ಅಪಘಾತವನ್ನು ಪರೀಕ್ಷಿಸಿ ಎಂದು ನಮ್ಮ ಸಂಸ್ಥೆಗೇ ಕಳುಹಿಸಿದ್ದಾರೆ. ನಮ್ಮ ಮೇಡಂ ಅವತ್ತೇ ನನ್ನನ್ನು ಕರೆದು, “ನಿಮ್ಮ ತಂದೆ ವಿಷಯ. ಫೈಲ್ ಮುಟ್ಟಬೇಡ, ಮನೆಗೆ ಹೋಗಬೇಡ, ಅವರ ಹತ್ತಿರ ಇದರ ಬಗ್ಗೆ ಮಾತಾಡಬೇಡ. ನೀನು ಒಂದು ಮಾತಾಡಿದರೂ ನಮ್ಮ ವರದಿಗೆ ಬೆಲೆ ಇರಲ್ಲ” ಎಂದರು. ಅವರು ಹೇಳಿದ್ದು ನಿಜ. ನಿನಗೆ ಬರೆಯುವುದೂ ತಪ್ಪೇ ಇರಬಹುದು. ಅಮ್ಮನಿಗೆ ಕಾಗದ ಬರೆಯಬೇಡ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿ ಒಂದು ನಕಲಿ ಇಂಜಿನ್ ಇದೆ. ಕುರ್ಚಿ, ಬ್ರೇಕು, ಗುಂಡಿಗಳು ಎಲ್ಲ ಅಸಲಿ, ಕಿಟಕಿಯಲ್ಲಿ ಮಾತ್ರ ಹಳಿಯ ಬದಲು ಪರದೆಯ ಮೇಲೆ ಚಿತ್ರ ಓಡುತ್ತದೆ. ಈ ವಾರ ಅದರಲ್ಲಿ ಗಿರಣಿ ಗೋಡೆ ಓಡುತ್ತಿದೆ. ನನ್ನ ಮೇಜು ಪಕ್ಕದ ಕೋಣೆಯಲ್ಲಿ. ಬಾಗಿಲು ಹಾಕಿದ್ದರೂ “ಹಸಿರು” ಎಂದು ಕೂಗುವುದು ಕೇಳಿಸುತ್ತದೆ.

ಒಂದು ಕೇಳಲೇ? ಡ್ಯೂಟಿಗೆ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು ಒಂದೊಂದೇ ಸಾಮಾನು ಕೂಗುತ್ತಿದ್ದರಲ್ಲ, ನೀನು ಒಳಗಿನಿಂದ “ಇದೆ, ಇದೆ” ಎನ್ನುತ್ತಿದ್ದೆಯಲ್ಲ. ಅವತ್ತೂ ಕೂಗಿದ್ದರೇ?

ಅಪ್ಪ ಊಟ ಮಾಡುತ್ತಿದ್ದಾರಾ?

ನಿನ್ನ ಮಗಳು


ಮಾರ್ಚ್ 23

ಮಗಳೇ,

ಊಟದ ವಿಷಯ ಕೊನೆಗೆ ಕೇಳಿದ್ದೀ. ನಿನ್ನ ಮೇಡಂ ಹೇಳಿದ್ದು, ನಿನ್ನ ಇಂಜಿನ್ನು, ನಿನ್ನ ಮೇಜು, ಎಲ್ಲ ಆದ ಮೇಲೆ. ಇರಲಿ.

ಮಾಡುವುದಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು, ನಾನು ನೋಡುತ್ತಿದ್ದೇನೆಯೇ ಎಂದು ನೋಡಿ, ಮೂರನೆಯದನ್ನು ಬದಿಗೆ ಸರಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಗಡ್ಡ ಕೆರೆದುಕೊಂಡು ಯೂನಿಫಾರಂ ಹಾಕಿ, ಬೂಟಿಗೆ ಪಾಲಿಶ್ ಮಾಡಿ ಕುರ್ಚಿಯಲ್ಲಿ ಕೂರುತ್ತಾರೆ. ಹನ್ನೊಂದರ ಹೊತ್ತಿಗೆ ಎದ್ದು ಗಿರಣಿಯ ಹತ್ತಿರದ ಮೇಲ್ಸೇತುವೆಗೆ ಹೋಗುತ್ತಾರೆ. ಮೊನ್ನೆ ಹಿಂದೆಯೇ ಹೋದೆ. ಕಂಬಿ ಹಿಡಿದು ನಿಂತು ಕೆಳಗೆ ಹೋಗುವ ಗಾಡಿ ನೋಡುತ್ತಿದ್ದರು. ಗಾಡಿ ಬರುವಾಗ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತಿತ್ತು. ಹತ್ತಿರ ಹೋಗಿ ಅಂಗಿಯ ತೋಳು ಹಿಡಿದುಕೊಂಡೆ. “ಏನೇ, ತರಕಾರಿಗೆ ಬಂದ್ಯಾ?” ಅಂದರು. “ಹೂಂ” ಅಂದೆ. ತರಕಾರಿ ಅಂಗಡಿ ಇರುವುದು ಊರಿನ ಇನ್ನೊಂದು ಕಡೆ. ಇಬ್ಬರಿಗೂ ಗೊತ್ತು.

ವಿಚಾರಣೆ ಎರಡು ಸಲ ಆಯಿತು. ಇಂಜಿನ್ನಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುವ ಪೆಟ್ಟಿಗೆ ಇರುತ್ತದಂತೆ, ಅದು ಕೆಂಪು ಅಂದಿದೆ. ಅಸಿಸ್ಟೆಂಟ್ ಮೊದಲ ಸಲ ಹಸಿರು ಅಂದವನು ಎರಡನೇ ಸಲ, “ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಟೈಮು ಬರೀತಿದ್ದೆ ಸಾರ್, ಅವರು ಅಂದದ್ದನ್ನೇ ಅಂದೆ” ಎಂದುಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ, ಹಾಗಾಯಿತು. ನಿಮ್ಮಪ್ಪ ಮನೆಗೆ ಬಂದು, “ಮಗನ ಹಾಗೆ ಕಲಿಸಿದೆ ಅವನಿಗೆ” ಎಂದರು, ಅಷ್ಟೇ.

ನಿನ್ನ ಮೇಡಂ ಕಡೆಯವರು ಯಾವುದೋ ಹಳೆಯ ಕಾಗದ ತಂದು, “ಆ ಸಿಗ್ನಲ್ ಹತ್ತಿರ ಡ್ರೈವರುಗಳು ನೋಡುವ ಮೊದಲೇ ಹಸಿರು ಅಂತ ಕೂಗುವ ಅಭ್ಯಾಸ ಇದೆ” ಎಂದು ಓದಿದರಂತೆ. ವಿಚಾರಣೆಯ ಅಧಿಕಾರಿ ಇವರನ್ನು ಕೇಳಿದರು, “ನೀವೂ ಹಾಗೇ ಕೂಗ್ತೀರಾ?” ಇವರು, “ನೋಡದೆ ಕೂಗೋನು ಡ್ರೈವರೇ ಅಲ್ಲ ಸ್ವಾಮಿ” ಎಂದರು. ಹಾಗಾದರೆ ಈ ಕಾಗದ ನಮಗೆ ಬೇಡ ಎಂದು ಆ ಅಧಿಕಾರಿ ಅದನ್ನು ಪಕ್ಕಕ್ಕಿಟ್ಟರು.

ಇನ್ನೊಂದು ಬೇರೆ ಎತ್ತಿದ್ದಾರೆ. ಡ್ರೈವರು ಹಾಕಿಕೊಂಡ ಕನ್ನಡಕದ ಜೊತೆಗೆ ಎರಡನೇ ಕನ್ನಡಕ ಚೀಲದಲ್ಲಿ ಇರಲೇಬೇಕು. ಅವತ್ತು ಇವರ ಚೀಲದಲ್ಲಿ ಇರಲಿಲ್ಲ. ಇವರು ಇತ್ತು ಎನ್ನುತ್ತಾರೆ, ಸ್ಟೇಷನ್ನಿನಲ್ಲಿ ಯಾರೋ ತೆಗೆದಿದ್ದಾರೆ ಎನ್ನುತ್ತಾರೆ. “ಎರಡು ಸುಳ್ಳು” ಎಂದು ಬರೆದುಕೊಂಡರಂತೆ. ಕನ್ನಡಕದ ವಿಷಯ ಬಿಡು.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಅವತ್ತೂ ಕೂಗಿದ್ದರು. ದಿನಾ ಕೂಗುವ ಹಾಗೇ.

ಆ ತೀರಿಕೊಂಡವನ ಮನೆಯವರೆಗೂ ಹೋಗಿದ್ದೆ. ಬಾಗಿಲ ಹೊರಗೆ ಅವನ ಕೆಲಸದ ಬೂಟು ಹಾಗೇ ಇತ್ತು, ಒಂದರ ಲೇಸು ಬಿಚ್ಚಿ. ವಾಪಸು ಬಂದೆ.

ಅಮ್ಮ


ಏಪ್ರಿಲ್ 2

ಅಮ್ಮ,

ವಿಚಾರಣೆಯಲ್ಲಿ ಓದಿದ ಆ ಹಳೆಯ ಕಾಗದ ನನ್ನದು.

ಇದನ್ನು ಬರೆಯಲು ಒಂಬತ್ತು ದಿನ ಬೇಕಾಯಿತು. ನಾಲ್ಕು ವರ್ಷದ ಹಿಂದೆ ನಾನು ಡಿಗ್ರಿಗೆಂದು ಮಾಡಿದ ಮೊದಲ ಅಧ್ಯಯನ ನೆನಪಿದೆಯಾ? ಹದಿನಾಲ್ಕು ಡ್ರೈವರುಗಳ ಹಣೆಗೆ ಸಣ್ಣ ಕ್ಯಾಮೆರಾ ಇರುವ ಪಟ್ಟಿ ಕಟ್ಟಿ, ಅವರ ಕಣ್ಣು ಯಾವ ಕ್ಷಣದಲ್ಲಿ ಎಲ್ಲಿ ನೋಡುತ್ತದೆ ಎಂದು ಗುರುತು ಮಾಡಿಕೊಂಡೆ. ಅಪ್ಪ ಪಟ್ಟಿ ಕಟ್ಟಿಕೊಂಡು ಸ್ಟೇಷನ್ನಿಗೆಲ್ಲಾ ತೋರಿಸಿಕೊಂಡು ಬಂದಿದ್ದರು. “ನಮ್ಮ ಯಾಕಮ್ಮ ನನಗೇ ಪರೀಕ್ಷೆ ಇಟ್ಟಿದಾಳೆ ಕಣ್ರಯ್ಯಾ.” ಚಿಕ್ಕವಳಿದ್ದಾಗ ಎಲ್ಲದಕ್ಕೂ ‘ಯಾಕೆ’ ಎನ್ನುತ್ತಿದ್ದೆ ಎಂದು ಇಟ್ಟ ಹೆಸರು, ಊರಿಗೆಲ್ಲಾ ಗೊತ್ತಾಯಿತು.

ಗಿರಣಿ ಗೋಡೆಗೆ ಮೊದಲು ಬರುವ ಸಿಗ್ನಲ್ ದಿನಾ ಹಳದಿ, ಮುಂದಿನದು ಕೆಂಪಿರಬಹುದು ಎಂಬ ಸೂಚನೆ. ಗೋಡೆ ದಾಟುವಷ್ಟರಲ್ಲಿ ಮುಂದಿನದು ಹಸಿರಾಗಿರುತ್ತದೆ. ವರ್ಷಕ್ಕೆ ಎಲ್ಲೋ ಒಂದು ದಿನ ಆಗುವುದಿಲ್ಲ. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ, ಗೋಡೆ ಇನ್ನೂ ಮುಗಿಯದೆ, ಸಿಗ್ನಲ್ ಕಾಣುವ ಮೊದಲೇ ಕೈ ಎತ್ತಿ ಹಸಿರು ಎಂದರು. ಆಮೇಲೆ ಕೇಳಿದರೆ ಹನ್ನೊಂದು ಜನವೂ ನೋಡಿದೆ ಎಂದರು. ಸುಳ್ಳು ಹೇಳಲಿಲ್ಲ, ಅಮ್ಮ. ಅವರಿಗೆ ನಿಜವಾಗಿಯೂ ಕಂಡಿತ್ತು. ಸಾವಿರ ದಿನ ನೋಡಿದ ಹಸಿರನ್ನು ಮನಸ್ಸು ಅಲ್ಲಿ ತಾನೇ ಹಚ್ಚಿಬಿಡುತ್ತದೆ.

ಸಿಗ್ನಲ್ ಕಂಬವನ್ನು ಗೋಡೆಯ ಈಚೆಗೆ ತನ್ನಿ ಎಂದು ಬರೆದೆ. ಇಲಾಖೆಯವರು ಒಳ್ಳೆಯ ಅಧ್ಯಯನ ಎಂದು ಕೈ ಕುಲುಕಿ ಬೀರುವಿನಲ್ಲಿಟ್ಟರು. ನನಗೆ ಡಿಗ್ರಿ ಬಂತು, ಕೆಲಸ ಬಂತು. ಒಂದೆರಡು ಸಲ ನೆನಪಿಸಿದೆ, ಆಮೇಲೆ ಬಿಟ್ಟೆ.

ಅದರಲ್ಲಿ ಯಾರ ಹೆಸರೂ ಇಲ್ಲ, ನಂಬರ್ ಮಾತ್ರ. ಯಾರ ಫಲಿತಾಂಶವನ್ನೂ ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೆ, ಆ ನಂಬಿಕೆಯ ಮೇಲೇ ಅವರು ಪಟ್ಟಿ ಕಟ್ಟಿಕೊಂಡರು. ಏಳನೇ ನಂಬರ್ ಅಪ್ಪ. ಹಸಿರು ಎಂದು ಕೂಗಿದಾಗ ಅವರ ಕಣ್ಣು ವೇಗದ ಮುಳ್ಳಿನ ಮೇಲಿತ್ತು.

ಅಪ್ಪನಿಗಾದರೂ ಹೇಳಬಹುದಿತ್ತು, ಅದಕ್ಕೆ ನಿಯಮ ಅಡ್ಡ ಇರಲಿಲ್ಲ. ಅವರ ಮುಖ ಸಣ್ಣದಾಗುವುದನ್ನು ನೋಡಲಾರದೆ ಹೇಳಲಿಲ್ಲ.

ಈಗ ಏಳನೆಯವನು ನಾನೇ ಎಂದು ಅವರೇ ವಿಚಾರಣೆಯಲ್ಲಿ ಹೇಳಿದರೆ, ಪಕ್ಕಕ್ಕಿಟ್ಟ ಕಾಗದ ಮತ್ತೆ ಮೇಜಿನ ಮಧ್ಯಕ್ಕೆ ಬರುತ್ತದೆ. ಸುಳ್ಳುಗಾರ ಎನ್ನುವುದು ತಪ್ಪುತ್ತದೆ. ಕಂಬದ ಮಾತು ಬರುತ್ತದೆ. ಆದರೆ ಅದಕ್ಕೆ ಅವರು ತಾನು ನೋಡಲಿಲ್ಲ ಎಂದು ಒಪ್ಪಬೇಕು. ಕೊನೆಯ ವಿಚಾರಣೆ ಮೇ 3ಕ್ಕೆ.

ಅವರಿಗೆ ಹೇಳಲೇ? ಹೇಳಿದರೆ ಏನಾಗುತ್ತದೆ? ನನ್ನ ಓದಿನಲ್ಲಿ ಇದಕ್ಕೆ ಉತ್ತರ ಇಲ್ಲ.

ನಿನ್ನ ಮಗಳು


ಏಪ್ರಿಲ್ 9

ನಾಲ್ಕು ವರ್ಷ.

ನಾಲ್ಕು ವರ್ಷ ಅವರು ದಿನಾ ಆ ಗೋಡೆ ದಾಟಿದರು. ನೀನು ರಜಕ್ಕೆ ಬಂದು ಅವರ ಪಕ್ಕ ಕೂತು ಊಟ ಮಾಡಿದೆ. ಅವರ ತಟ್ಟೆಗೆ ನೀನೇ ಬಡಿಸಿದೆ. ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಆ ಬೂಟಿನ ಲೇಸು ನನ್ನ ಕಣ್ಣಿಗೆ ಕಟ್ಟಿದೆ, ನಿನಗೂ ಕಟ್ಟಲಿ ಎಂದು ಬರೆದು ಹೊಡೆದು ಹಾಕಿದ್ದೆ. ಮತ್ತೆ ಬರೆದಿದ್ದೇನೆ.

ಹೇಳಬೇಡ. ಸುಳ್ಳುಗಾರ ಎಂದರೆ ಅವರು ತಡೆದುಕೊಳ್ಳುತ್ತಾರೆ, ದೇವರಿಗೆ ಗೊತ್ತಿದೆ ಎಂದುಕೊಂಡು ಬದುಕುತ್ತಾರೆ. ನೋಡಲಿಲ್ಲ ಎಂದರೆ ಬದುಕುವುದಿಲ್ಲ. ಅವರ ಕಣ್ಣಿನ ಮೇಲೇ ಅವರು ನಿಂತಿರುವುದು. ನಿನ್ನೆ ಕೈದೀಪವನ್ನು ಒರೆಸಿ ಡಬ್ಬದಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ ಅಸಿಸ್ಟೆಂಟನ ಹೆಸರು ಬರೆದಿದ್ದಾರೆ. ಬೆನ್ನಿಗೆ ಚೂರಿ ಹಾಕಿದ ಆ ಹುಡುಗನ ಹೆಸರು. “ಇದ್ಯಾಕೆ?” ಎಂದೆ. “ಒಳ್ಳೇ ದೀಪ, ಹಾಳಾಗಬಾರದು” ಎಂದರು. ಇಂಥ ಮಾತಿನ ಅರ್ಥ ತಿಳಿಯಲು ನಿನ್ನಷ್ಟು ಓದಬೇಕಾಗಿಲ್ಲ.

ಈಗ ಅವರು ಸೇತುವೆಗೆ ಹೋದರೆ ನಾನೂ ಹೋಗುತ್ತೇನೆ. ದೇವರ ಹೆಸರು ಹೇಳುತ್ತಾ ಹತ್ತು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಇವತ್ತು ಸರದ ಅಷ್ಟೂ ಮಣಿ ಎಣಿಸಿ ಮುಗಿದ ಮೇಲೆ ನೋಡಿಕೊಂಡೆ, ಒಂದು ಸಲವೂ ದೇವರು ನೆನಪಿಗೆ ಬಂದಿರಲಿಲ್ಲ. ಬಾಯಿ ಹೇಳುತ್ತಿತ್ತು, ಬೆರಳು ಸರಿಸುತ್ತಿತ್ತು, ಕಣ್ಣು ಅವರ ಹಿಮ್ಮಡಿಯ ಮೇಲಿತ್ತು. ಮೂವತ್ತು ವರ್ಷದಿಂದ ಇನ್ನೆಷ್ಟು ಸಲ ಹೀಗೆ ಆಗಿದೆಯೋ. ಆ ದೇವರೊಬ್ಬನೇ ಲೆಕ್ಕ ಇಟ್ಟಿರಬೇಕು.

ನನ್ನ ಬಾಯಿಂದ ಹೊರಡಬೇಕಾದ ಒಂದು ಮಾತಿದೆ. ನಿನಗೂ ಹೇಳಲಾರೆ. ನಿನ್ನನ್ನು ಬೈದದ್ದು ಸಾಕು.

ಅಮ್ಮ


ಏಪ್ರಿಲ್ 17

ಅಮ್ಮ,

ನೀನು ಬರೆದದ್ದು ನನ್ನ ಕಣ್ಣಿಗೂ ಕಟ್ಟಿದೆ. ಲೇಸು ಬಿಚ್ಚಿದ ಬೂಟು, ಎಡಗಾಲಿನದೋ ಬಲಗಾಲಿನದೋ ಎಂದು ಯೋಚಿಸುತ್ತೇನೆ.

ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ಪಕ್ಕದ ಕೋಣೆಗೆ ಹೋಗಿ ಆ ನಕಲಿ ಇಂಜಿನ್ನಿನಲ್ಲಿ ಕೂತೆ. ಮುಟ್ಟಬಾರದಿತ್ತು, ಮುಟ್ಟಿದೆ. ಗಿರಣಿ ಗೋಡೆಯನ್ನು ಮತ್ತೆ ಮತ್ತೆ ಓಡಿಸಿದೆ. ಯಾವ ಸುತ್ತಿನಲ್ಲಿ ಕೆಂಪು ಬರುತ್ತದೆ ಎಂದು ಯಂತ್ರವೇ ಆರಿಸುತ್ತದೆ. ಹಸಿರು, ಹಸಿರು, ಹಸಿರು. ಕೆಂಪು ಬಂದೇ ಬರುತ್ತದೆ ಎಂದು ಗೊತ್ತಿದ್ದೂ ಕೂತಿದ್ದೇನೆ, ಈ ವಿಷಯದ ಮೇಲೆ ಅಧ್ಯಯನವನ್ನೇ ಮಾಡಿದವಳು. ಹತ್ತೊಂಬತ್ತನೆಯ ಸುತ್ತಿನಲ್ಲಿ ನನ್ನ ಕೈ ಎದ್ದಿತು, ಹಸಿರು ಎಂದೆ. ಗೋಡೆ ಮುಗಿಯಿತು. ಕೆಂಪು ಇತ್ತು. ಬ್ರೇಕ್ ಹಾಕುವಷ್ಟರಲ್ಲಿ ದಾಟಿತ್ತು.

ಪರದೆಯ ಮೇಲೆ ಯಾರೂ ಸಾಯುವುದಿಲ್ಲ. ಚಿತ್ರ ನಿಲ್ಲುತ್ತದೆ, ‘ಮತ್ತೆ ಆರಂಭಿಸಿ’ ಎಂದು ಬರುತ್ತದೆ.

ಮೇಡಂಗೆ ಹೋಗಿ ಹೇಳಿದೆ. ಬೈಯಲಿಲ್ಲ. “ಹತ್ತೊಂಬತ್ತು ಸಲಕ್ಕೆ ನಿನಗೆ ಹೀಗಾದರೆ, ಇಪ್ಪತ್ತಾರು ವರ್ಷಕ್ಕೆ?” ಎಂದರು. ಆಮೇಲೆ, “ಇದೂ ಕೂಡ ಅವರು ಒಪ್ಪದೆ ನಮಗೆ ಉಪಯೋಗಕ್ಕೆ ಬರಲ್ಲ. ನೋಡಿದೆ ಅನ್ನೋ ಮನುಷ್ಯನ ಎದುರಿಗೆ ವಿದ್ಯೆ ಏನು ಮಾಡುತ್ತೆ?” ಎಂದರು.

ನೀನು ಹೇಳಬೇಡ ಎಂದಿದ್ದೀ, ಹೇಳುವುದಿಲ್ಲ. ಹದಿನಾರು ದಿನ ಉಳಿದಿದೆ. ಆ ಕಂಬ ಅಲ್ಲೇ ಇದೆ, ದಿನಕ್ಕೆ ನಲವತ್ತು ಗಾಡಿ ದಾಟುತ್ತವೆ. ನನ್ನ ಕಿವಿಯಲ್ಲಿ ನಲವತ್ತು ಸಲ ‘ಹಸಿರು’ ಎಂದು ಕೇಳಿಸುತ್ತದೆ.

ಅಪ್ಪನನ್ನು ಒಬ್ಬರನ್ನೇ ಬಿಡಬೇಡ.

ಮಗಳು


ಏಪ್ರಿಲ್ 26

ಮಗಳೇ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಿಧಾನವಾಗಿ ಓದು.

ನಿನ್ನೆ ಬೆಳಿಗ್ಗೆ ಒಲೆಯ ಮುಂದಿದ್ದೆ. ನಿಮ್ಮಪ್ಪ ಯೂನಿಫಾರಂ ಹಾಕಿ ಎಂದಿನ ಹಾಗೆ ಕೂರಲಿಲ್ಲ. ಎರಡು ತಿಂಗಳಿಂದ ಗೂಟಕ್ಕೆ ನೇತುಹಾಕಿದ್ದ ಡ್ಯೂಟಿ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. “ಸ್ವಲ್ಪ ಹೋಗಿ ಬರ್ತೀನಿ” ಎಂದರು. ಚೀಲ ಹಾಕಿಕೊಂಡು ಎಲ್ಲಿಗೆ? ಒಲೆ ಆರಿಸಬೇಕು, ಹಿಂದೆ ಓಡಬೇಕು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು, ಚೀಲ ಹೆಗಲಿಗೇರಿದರೆ ಬಾಯಿ ತಾನೇ ತೆರೆಯುತ್ತದಲ್ಲ, ಕೂಗಿದರು.

“ಬಾವುಟ?”

“ಇದೆ” ಅಂದೆ.

“ಪುಸ್ತಕ?”

“ಇದೆ.”

“ಎರಡನೇ ಕನ್ನಡಕ?”

ನನ್ನ ನಾಲಿಗೆ ‘ಇದೆ’ ಎನ್ನಲು ಮೇಲೆದ್ದಿತ್ತು. ಇದನ್ನು ನೀನು ನಂಬಬೇಕು. ಅದು ಎಲ್ಲಿದೆ ಎಂದು ಅವತ್ತಿನಿಂದ ಗೊತ್ತಿದ್ದವಳು ನಾನು. ಗೊತ್ತಿದ್ದೂ ಆ ಮಾತು ಹಲ್ಲಿನವರೆಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ.

“ಇಲ್ಲ” ಅಂದೆ.

ದೇವರ ಗೂಡಿಗೆ ಹೋಗಿ ಪ್ರಾರ್ಥನೆ ಪುಸ್ತಕದ ಹಿಂದೆ ಕೈ ಹಾಕಿ ಕನ್ನಡಕ ತೆಗೆದು, ತಂದು ಅವರ ಕೈಯಲ್ಲಿಟ್ಟೆ.

“ಎಲ್ಲಿತ್ತು ಇದು?”

“ದೇವರ ಹತ್ರ. ಹಿಂದಿನ ದಿನ ನನ್ನ ಕನ್ನಡಕದ ಕಾಲು ಮುರಿದಿತ್ತು. ಓದಕ್ಕೆ ಅಂತ ನಿಮ್ಮ ಚೀಲದಿಂದ ತಗೊಂಡೆ. ವಾಪಸ್ ಇಡೋದು ಮರೆತೆ.”

“ಅವತ್ತು ಕೂಗಿದೆನಲ್ಲ ನಾನು. ಇದೆ ಅಂತ ಹೇಳಿದ್ದೆಯಲ್ಲೇ ನೀನು.”

“ಹೇಳಿದ್ದೆ.”

“ನೋಡಿ ಹೇಳಿದ್ಯಾ?”

“ಇಲ್ಲ. ಒಲೆ ಮುಂದಿದ್ದೆ.”

“ಮತ್ತೆ ನೋಡದೆ ಯಾಕೆ ಹೇಳ್ದೆ?”

ಸಿಟ್ಟಿರಲಿಲ್ಲ, ಮಗಳೇ. ಚಿಕ್ಕವಳಿದ್ದಾಗ ನೀನು ಕೇಳುತ್ತಿದ್ದೆಯಲ್ಲ, ಹಾಗೆ ಕೇಳಿದರು.

“ದಿನಾ ಇರ್ತಿತ್ತು” ಅಂದೆ.

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಚೀಲ ಹೆಗಲ ಮೇಲೇ ಇತ್ತು. ಒಲೆಯ ಮೇಲೆ ಇಟ್ಟದ್ದು ಸೀದು ಹೋದ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಕನ್ನಡಕವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

“ದಿನಾ ಹಸಿರಿರ್ತಿತ್ತು ಕಣೇ.”

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ಅಳುವುದನ್ನು ನಾನು ಕೇಳಿರಲಿಲ್ಲ. ಯಾರೂ ಕೇಳದಿರಲಿ.

ನಿನ್ನ ಕಾಗದಗಳನ್ನೆಲ್ಲ ತಂದು ಮಡಿಲಿಗೆ ಹಾಕಿದೆ. ನೀನು ಹೇಳಲಿಲ್ಲ, ನಾನು ಕೊಟ್ಟೆ, ಪಾಪವಿದ್ದರೆ ನನ್ನ ತಲೆಗಿರಲಿ. ಎರಡನೇ ಕನ್ನಡಕ ಹಾಕಿಕೊಂಡು ಹೊಸ್ತಿಲಲ್ಲೇ ಓದಿದರು. ಏಪ್ರಿಲ್ ಎರಡರದನ್ನು ಮೂರು ಸಲ ಓದಿದರು. ಹತ್ತೊಂಬತ್ತನೆಯ ಸುತ್ತಿನ ಹತ್ತಿರ ಬೆರಳಿಟ್ಟು, “ಇವಳಿಗೂ?” ಎಂದರು. ನಿನ್ನ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ.

ನಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಬರೆಸಿದ್ದರು. ಏಳು ವರ್ಷ ಅದರ ಕೆಳಗೇ ಕೂತಿದ್ದೆ. ದಿನಾ ಕಾಣುತ್ತಿತ್ತು, ಅದಕ್ಕೇ ಓದಲಿಲ್ಲ ಎಂದು ಕಾಣುತ್ತದೆ.

ಮೇ ಮೂರಕ್ಕೆ ಹೋಗುತ್ತಾರೋ ಇಲ್ಲವೋ, ಹೋದರೆ ಏನು ಹೇಳುತ್ತಾರೋ, ಗೊತ್ತಿಲ್ಲ. ಅಲ್ಲಿಯವರೆಗೆ ಇರುತ್ತಾರೋ ಎಂಬುದೇ ನನ್ನ ಭಯ. ಬಾಗಿಲ ಚಿಲಕದ ಸದ್ದಾದರೆ ಎದ್ದು ಓಡುತ್ತೇನೆ. ಪ್ರಾರ್ಥನೆ ಮಾಡು. ನಿನಗೆ ಅದರ ಮೇಲೆ ನಂಬಿಕೆ ಇಲ್ಲ, ಆದರೂ ಮಾಡು. ಬಾಯಲ್ಲಿ ಬೇಡ, ನೋಡಿಕೊಂಡು ಮಾಡು.

ಅಮ್ಮ


ಮೇ 5

ಯಾಕಮ್ಮ,

ನಾನು ಕಾಗದ ಬರೆದವನಲ್ಲ. ಡ್ಯೂಟಿ ಪುಸ್ತಕ ಬರೆದು ಗೊತ್ತು, ಹಾಗೇ ಬರೆಯುತ್ತೇನೆ.

ಫೆಬ್ರವರಿ 27. ಮಧ್ಯಾಹ್ನ 2.40. ಗಿರಣಿ ಗೋಡೆಯ ಸಿಗ್ನಲ್. ಇದ್ದ ಬಣ್ಣ ಕೆಂಪು. ಕೂಗಿದ ಬಣ್ಣ ಹಸಿರು. ನೋಡಲಿಲ್ಲ.

ಮೊನ್ನೆ ವಿಚಾರಣೆಯಲ್ಲಿ ಇಷ್ಟನ್ನೇ ಹೇಳಿದೆ. “ಇಷ್ಟು ದಿನ ನೋಡಿದೆ ಅಂತಿದ್ದಿರಲ್ಲ” ಎಂದರು ಅಧಿಕಾರಿ. “ಈಗಲೂ ಕಣ್ಣು ಮುಚ್ಚಿದರೆ ಹಸಿರೇ ಕಾಣುತ್ತೆ ಸ್ವಾಮಿ. ಆದರೂ ನೋಡಲಿಲ್ಲ” ಎಂದೆ. ಏಳನೇ ನಂಬರ್ ನಾನೇ ಎಂದು ಹೇಳಿದೆ. ಕನ್ನಡಕ ಯಾರೂ ಕದಿಯಲಿಲ್ಲ, ಮನೆಯಲ್ಲೇ ಇತ್ತು ಎಂದೂ ಹೇಳಿದೆ. ನಿಮ್ಮ ಮೇಡಂ ಆ ಕಾಗದವನ್ನು ಮತ್ತೆ ಮೇಜಿನ ಮೇಲಿಟ್ಟರು. ಅಧಿಕಾರಿ ಕಂಬದ ಬಗ್ಗೆ ಒಂದು ಗಂಟೆ ಕೇಳಿದರು, ಬರೆದುಕೊಂಡರು. ಕಂಬ ಸರಿಸುವುದು ಯಾವಾಗ ಎಂದು ಹೇಳಲಿಲ್ಲ.

ನನ್ನ ಕೆಲಸ ಹೋಯಿತು. ಪೊಲೀಸ್ ಕೇಸು ಇದೆ, ನಡೆಯುತ್ತದೆ.

ತೀರಿಕೊಂಡವನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಎದುರು ಬಂದು ನಿಂತಳು. “ನೋಡಿದ್ದಿದ್ರೆ ನಿಲ್ತಿತ್ತಾ?” ಎಂದು ಕೇಳಿದಳು. ತಿರುವಿನಲ್ಲಿ ವೇಗ ಕಡಿಮೆ. ನಿಲ್ಲುತ್ತಿತ್ತು. “ನಿಲ್ತಿತ್ತು ತಾಯಿ” ಎಂದೆ. ಆಕೆ ಹೋದಳು. ಇದಕ್ಕೆ ಸಮಾಧಾನ ಇಲ್ಲ, ಹುಡುಕಬೇಡ.

ನಾಲ್ಕು ವರ್ಷದ ಹಿಂದೆ ನೀನು ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅದರಿಂದ ನಿನ್ನ ತಪ್ಪೂ ಸಣ್ಣದಾಗುವುದಿಲ್ಲ, ನನ್ನದೂ ಆಗುವುದಿಲ್ಲ. ಇಬ್ಬರೂ ಹೊತ್ತುಕೊಂಡು ಹೋಗೋಣ. ನಿಮ್ಮಮ್ಮ ತನ್ನದೂ ಒಂದು ಇದೆ ಎಂದು ಹಿಂದೆಯೇ ಬರುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನ ಪಟ್ಟಿಯಲ್ಲಿ ಹದಿನಾಲ್ಕು ಜನ. ಒಬ್ಬ ಇಳಿದ. ಹದಿಮೂರು ಜನ ಇವತ್ತೂ ಓಡಿಸುತ್ತಿದ್ದಾರೆ. ಅವರವರದ್ದನ್ನು ಅವರವರಿಗೆ ಹೇಳು. ಮುಖ ಸಣ್ಣದಾದರೆ ಆಗಲಿ. ನಿನ್ನಿಂದ ಆಗದಿದ್ದರೆ ನಾನೇ ಒಂದೊಂದು ಮನೆಗೆ ಹೋಗಿ ಹೇಳುತ್ತೇನೆ. ಯಾರ್ಯಾರು ಪಟ್ಟಿ ಕಟ್ಟಿಕೊಂಡಿದ್ದರು ಎಂದು ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಮೇಲ್ಸೇತುವೆಗೆ ಹೋಗಿದ್ದೆ. ನಿಮ್ಮಮ್ಮ ತೋಳು ಹಿಡಿದುಕೊಂಡೇ ಇದ್ದಳು, ಬಿಡು ಎಂದರೂ ಬಿಡಲಿಲ್ಲ. 9.10ರ ಗಾಡಿ ಬಂತು. ಇಂಜಿನ್ನಿನಲ್ಲಿ ನಮ್ಮ ಅಸಿಸ್ಟೆಂಟ್ ಇದ್ದ, ಪಕ್ಕದಲ್ಲಿ ಹೊಸ ಡ್ರೈವರು. ಮೇಲಿನಿಂದ ಕಿಟಕಿ ಚೆನ್ನಾಗಿ ಕಾಣುತ್ತದೆ. ಡ್ರೈವರು ಕೈ ಎತ್ತಿದ. ಅಸಿಸ್ಟೆಂಟನ ಬಾಯಿ ಆಡಿತು.

ಗೋಡೆ ಇನ್ನೂ ಮುಗಿದಿರಲಿಲ್ಲ.

ಅಪ್ಪ